ನಾಂಗಿಯ ಮರದ ಪೆಟ್ಟಿಗೆಗಳು

ಗಂಡಕಿಯ ಹೆಸರು ನಮ್ಮ ಕಡೆ ಹೊಸದೇನಲ್ಲ. ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿರುವ ಮನೆಗಳ ಮಕ್ಕಳು ಆ ಹೆಸರು ಕೇಳಿಕೊಂಡೇ ಬೆಳೆಯುತ್ತಾರೆ. ಎಲ್ಲೋ ಹಿಮಾಲಯದಲ್ಲೊಂದು ಹೊಳೆ, ಹೊಳೆಯ ಪಾತ್ರದಲ್ಲಿ ಕರಿಯ ಕಲ್ಲು, ಕಲ್ಲಿನೊಳಗೆ ಚಕ್ರ. ಆ ಹೊಳೆಯನ್ನು ನಾನು ಕಣ್ಣಾರೆ ಕಂಡದ್ದು 2024ರ ನವೆಂಬರಿನಲ್ಲಿ, ನೇಪಾಳದ ಮ್ಯಾಗ್ದಿ ಜಿಲ್ಲೆಯ ಬೇನಿ ಪೇಟೆಯಲ್ಲಿ. ಕಾಳಿಗಂಡಕಿ ಅಲ್ಲಿ ಮ್ಯಾಗ್ದಿ ನದಿಯನ್ನು ಕೂಡಿಕೊಂಡು ಬೂದುಬಣ್ಣದ ನೀರಾಗಿ ಸದ್ದು ಮಾಡುತ್ತ ಹರಿಯುತ್ತದೆ. ಜೀಪಿಗೆ ಕಾಯುತ್ತ ನಿಂತಿದ್ದಾಗ ಹಿರಿಯರೊಬ್ಬರು ನನ್ನ ಚೀಲ ನೋಡಿ, "ಮುಕ್ತಿನಾಥಕ್ಕಾ?" ಎಂದು ಹಿಂದಿಯಲ್ಲಿ ಕೇಳಿದರು. ಭಾರತದ ಕಡೆಯವರು ಬೇನಿಯಲ್ಲಿ ಇಳಿದರೆ ಅಲ್ಲಿಯವರು ಕೇಳುವುದು ಅದನ್ನೇ.

"ಇಲ್ಲ, ನಾಂಗಿಗೆ" ಅಂದೆ.

"ನಾಂಗಿಯಲ್ಲಿ ಅಂಥ ದೊಡ್ಡ ದೇವಸ್ಥಾನ ಏನೂ ಇಲ್ಲವಲ್ಲ!"

"ಶಾಲೆ ಇದೆಯಲ್ಲ. ಅಲ್ಲಿನ ಕಂಪ್ಯೂಟರ್ ಕೋಣೆ ನೋಡಬೇಕಿತ್ತು."

ಅವರು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ತಮ್ಮ ಅಕ್ಕಿ ಮೂಟೆಯನ್ನು ಅತ್ತ ಸರಿಸಿ ಜೀಪಿನಲ್ಲಿ ಕೂರಲು ಜಾಗ ಮಾಡಿಕೊಟ್ಟರು. ಭಾರತದ ಗೂರ್ಖಾ ಪಡೆಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು, ಅದೇ ಬೆಟ್ಟದ ಮಗ್ಗುಲಿನ ಊರಿನವರು. ದಾರಿಯುದ್ದಕ್ಕೂ ನಾನು ಅವರನ್ನು ಹವಾಲ್ದಾರ್ ಸಾಬ್ ಎಂದೆ, ಅವರು ನನ್ನನ್ನು ಭಾಯ್ ಎಂದರು. ಆ ಪ್ರವಾಸ ಮುಗಿದು ಬಹಳ ಕಾಲವಾಯಿತು. ಧವಳಗಿರಿಯ ಫೋಟೊಗಳನ್ನು ತೋರಿಸಬೇಕಾದವರಿಗೆಲ್ಲ ತೋರಿಸಿಯೂ ಆಗಿದೆ. ಹವಾಲ್ದಾರ್ ಸಾಬ್ ಕೇಳಿದ ಒಂದು ಮಾತು ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ.

ನಾಂಗಿಯ ಹೆಸರನ್ನು ನಾನು ಮೊದಲು ಓದಿದ್ದು 2007ರಲ್ಲಿ, ಮಹಾಬೀರ್ ಪುನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ. ಮ್ಯಾಗ್ಸೆಸೆ ಎಂದರೆ ಕನ್ನಡಿಗರಿಗೆ ಹೆಗ್ಗೋಡು ನೆನಪಾಗುತ್ತದೆ, 1991ರಲ್ಲಿ ಕೆ.ವಿ. ಸುಬ್ಬಣ್ಣನವರಿಗೆ ಅದು ಬಂದಾಗ ಅಡಿಕೆ ತೋಟದ ನಡುವಿನ ಒಂದು ಹಳ್ಳಿ ಜಗತ್ತಿಗೆ ಕಂಡಿತ್ತು. ಜಗತ್ತಿನ ಒಳ್ಳೆಯ ನಾಟಕ, ಒಳ್ಳೆಯ ಸಿನಿಮಾ ಹಳ್ಳಿಯವರಿಗೇಕೆ ಎಂದು ಕೇಳುವವರಿದ್ದ ಕಾಲದಲ್ಲಿ ಹಳ್ಳಿಯವರಿಗೇ ಅವನ್ನು ಒಪ್ಪಿಸಿದವರು ಸುಬ್ಬಣ್ಣ. ನಾಂಗಿಯ ಕಥೆಯಲ್ಲಿ ನನ್ನನ್ನು ಸೆಳೆದದ್ದೂ ಇಂಥದೇ ಒಂದು ಹಟ. 1955ರಲ್ಲಿ ಹುಟ್ಟಿದ ಮಹಾಬೀರ್ ಓದಿದ್ದು ಕಾಗದ, ಪೆನ್ಸಿಲ್ಲು, ಪಠ್ಯಪುಸ್ತಕ ಯಾವುದೂ ಇಲ್ಲದ ಊರಶಾಲೆಯಲ್ಲಿ. ಗೂರ್ಖಾ ಸೈನಿಕರಾಗಿದ್ದ ತಂದೆ ಮಗನ ಓದಿಗಾಗಿ ಸಂಸಾರವನ್ನೇ ಬೆಟ್ಟದಿಂದ ಇಳಿಸಿ ಚಿತ್ವಾನಿಗೆ ಕರೆದೊಯ್ದರು. ಮಗ ಮೇಷ್ಟರಾದರು, ಆಮೇಲೆ ಅಮೆರಿಕದ ನೆಬ್ರಾಸ್ಕಾದಲ್ಲಿ ಪದವಿ ಓದಿದರು. 1992ರಲ್ಲಿ ಅಲ್ಲೇ ಉಳಿಯದೆ ಹುಟ್ಟೂರಿಗೆ ಬಂದು ಹಿಮಾಂಚಲ ಪ್ರೌಢಶಾಲೆ ಕಟ್ಟಲು ನಿಂತರು.

ಆಗ ಊರಿಗೆ ರಸ್ತೆಯಿಲ್ಲ, ಫೋನಿಲ್ಲ, ಕರೆಂಟಿಲ್ಲ. 1997ರಲ್ಲಿ ಆಸ್ಟ್ರೇಲಿಯಾದಿಂದ ನಾಲ್ಕು ಹಳೆಯ ಕಂಪ್ಯೂಟರುಗಳು ದಾನವಾಗಿ ಬಂದವು. ಪಕ್ಕದ ಹಳ್ಳಕ್ಕೆ ಪುಟ್ಟ ಜನರೇಟರ್ ಕೂರಿಸಿ ಅವುಗಳಿಗೆ ವಿದ್ಯುತ್ ಕೊಟ್ಟರು. ಮುಂದೆ ಬಿಡಿಭಾಗಗಳಾಗಿಯೇ ಬಂದ ಹಳೆಯ ಯಂತ್ರಗಳನ್ನು ಜೋಡಿಸಿ, ಹೊರಗವಚಕ್ಕೆ ಊರಿನ ಮರದಿಂದಲೇ ಪೆಟ್ಟಿಗೆ ಮಾಡಿಸಿದರು. ಬಡಗಿ ಮಾಡಿದ ಪೆಟ್ಟಿಗೆಯೊಳಗಿನ ಕಂಪ್ಯೂಟರಿನ ಮುಂದೆ ಮಗರ್ ಸಮುದಾಯದ ಒಂದು ತಲೆಮಾರಿನ ಮಕ್ಕಳು ಅಕ್ಷರ ಒತ್ತಲು ಕಲಿತರು.

ಜೀಪು ಹತ್ತುತ್ತ ಹೋದಂತೆ ಎರಡೂ ಕಡೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಹೊಲಗಳು, ಹೊಲದ ತುಂಬ ಕಂದು ತೆನೆ. ನಾನು ಕತ್ತು ಹೊರಗೆ ಚಾಚಿದೆ. ರಾಗಿ! ಅವರು ಅದನ್ನು ಕೋದೊ ಎನ್ನುತ್ತಾರೆ. ನಮ್ಮ ತಾಲ್ಲೂಕಿನಲ್ಲಿ ಅದೇ ಹೊತ್ತಿಗೆ ಕುಯ್ಲು ಶುರುವಾಗಿರುತ್ತದೆ. ನಾವು ಬುಡಕ್ಕೆ ಕುಡುಗೋಲು ಹಾಕಿ, ಕಟ್ಟು ಕಟ್ಟಿ, ಮೆದೆ ಒಟ್ಟಿ ಕಣಕ್ಕೆ ಕಾಯುತ್ತೇವೆ. ಇಲ್ಲಿ ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ತೆನೆಯನ್ನಷ್ಟೇ ಕೊಯ್ದು ಬುಟ್ಟಿಗೆ ಹಾಕುತ್ತಿದ್ದರು, ಹುಲ್ಲು ಹೊಲದಲ್ಲೇ ನಿಂತಿರುತ್ತಿತ್ತು. ಕಾಲು ಜಾರಿದರೆ ಕೆಳಗಿನ ಹೊಲಕ್ಕೆ ಬೀಳುವ ಇಳಿಜಾರಿನಲ್ಲಿ ಅವರ ಕೈ ಚಲಿಸುತ್ತಿದ್ದ ವೇಗ ನೋಡಿ ಬೆರಗಾಯಿತು. ಎಂಟು ಸಾವಿರ ಮೀಟರಿನ ಶಿಖರದ ಎದುರು ರಾಗಿ ಬೆಳೆಯುತ್ತಾರೆಂದು ಬಯಲುಸೀಮೆಯ ನನಗೆ ಯಾರೂ ಹೇಳಿರಲಿಲ್ಲ.

ಹವಾಲ್ದಾರ್ ಸಾಬ್ ಮಾತು ಶುರುಮಾಡಿದ್ದು ಆ ದಾರಿಯಲ್ಲೇ.

"ಭಾಯ್, ಯಾವ ಊರು?"

"ಕರ್ನಾಟಕ. ಬೆಂಗಳೂರಿನ ಹತ್ತಿರ."

"ಬೆಂಗಳೂರಾ! ಕಂಪ್ಯೂಟರಿನ ರಾಜಧಾನಿಯಿಂದ ಬಂದು ನಮ್ಮ ಕಂಪ್ಯೂಟರ್ ನೋಡ್ತೀರಾ? ನಿಮ್ಮ ಹಳ್ಳಿಗಳಲ್ಲಿ ಇಲ್ಲವಾ?"

"ಇವೆ. ಶಾಲೆಗಳಲ್ಲಿ, ಪಂಚಾಯ್ತಿಯಲ್ಲಿ, ಎಲ್ಲ ಕಡೆ ಕೊಟ್ಟಿದ್ದಾರೆ."

"ಕೆಟ್ಟರೆ ಯಾರು ಸರಿಮಾಡ್ತಾರೆ?"

"ಮೇಲಿನವರಿಗೆ ಬರೆದು ಕಳಿಸ್ತಾರೆ. ಅವರು ಯಾರನ್ನಾದರೂ ಕಳಿಸ್ತಾರೆ."

"ಊರಿನವರಿಗೆ ಯಾರಿಗೂ ಬರೋದಿಲ್ಲವಾ?"

ಜೀಪು ಒಂದು ತಿರುವಿನಲ್ಲಿ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. ಚಾಲಕ ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಎಲ್ಲರ ಗಮನ ಅತ್ತ ಹೋಯಿತು. ಪ್ರಶ್ನೆ ಹಾಗೇ ಉಳಿಯಿತು.

ಕಣ್ಣ ಮುಂದೆ ಬಂದದ್ದು ನಮ್ಮ ಕಡೆಯ ಒಂದು ಪ್ರೌಢಶಾಲೆ. ಯಾವುದೋ ಯೋಜನೆಯಲ್ಲಿ ಹತ್ತು ಕಂಪ್ಯೂಟರು ಬಂದಿದ್ದವು. ಉದ್ಘಾಟನೆಯಾಯಿತು, ಗುತ್ತಿಗೆಯ ಮೇಲೆ ಕಲಿಸುವ ಹುಡುಗ ಬಂದ, ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಸಾಲಾಗಿ ಒಳಗೆ ಹೋದರು. ಗುತ್ತಿಗೆ ಮುಗಿಯಿತು. ಹುಡುಗ ಹೋದ. ಯುಪಿಎಸ್ ಬ್ಯಾಟರಿ ಸತ್ತಿತು. ಕೋಣೆಯ ಬೀಗದ ಕೈ ಮುಖ್ಯೋಪಾಧ್ಯಾಯರ ಬೀರುವಿಗೆ ಸೇರಿತು, ಏಕೆಂದರೆ ಏನಾದರೂ ಕಳೆದುಹೋದರೆ ಲೆಕ್ಕ ಕೊಡಬೇಕಾದವರು ಅವರೇ. ಧೂಳು ಕೂರದಂತೆ ಹೊದಿಸಿದ ಪ್ಲಾಸ್ಟಿಕ್ ಹೊದಿಕೆಯೊಳಗೆ ಆ ಯಂತ್ರಗಳು ವರ್ಷಗಟ್ಟಲೆ ಕೂತಿವೆ. ಇದರಲ್ಲಿ ಯಾರೊಬ್ಬರ ಕಳ್ಳತನವೂ ಇಲ್ಲ, ಸೋಮಾರಿತನವೂ ಇಲ್ಲ. ಆ ಹತ್ತರಲ್ಲಿ ಒಂದಾದರೂ ಊರಿನದು ಎಂದು ಊರಿಗೆ ಅನಿಸಿರಲಿಲ್ಲ, ಅಷ್ಟೆ.

ನಾಂಗಿಯಲ್ಲಿ ನಾನು ಉಳಿದದ್ದು ಒಬ್ಬ ದೀದಿಯ ಮನೆಯಲ್ಲಿ. ಕಲ್ಲಿನ ಗೋಡೆ, ನುಣ್ಣಗೆ ಸಾರಿಸಿದ ಮಣ್ಣಿನ ನೆಲ, ಅಂಗಳದಲ್ಲಿ ಒಣಗಲು ತೂಗುಹಾಕಿದ ಮುಸುಕಿನ ಜೋಳದ ತೆನೆ. ಸಂಜೆ ಒಲೆಯ ಮುಂದೆ ಕರೆದು ಕೂರಿಸಿದರು. ಕಬ್ಬಿಣದ ಬಾಣಲೆಯಲ್ಲಿ ನೀರು ಕುದಿಯುತ್ತಿತ್ತು. ಹಿಟ್ಟನ್ನು ಸುರಿದು, ಮರದ ಸಟ್ಟುಗದಿಂದ ತಿರುವಲು ಶುರುಮಾಡಿದಾಗ ಆ ಸದ್ದು, ಆ ವಾಸನೆ ಎರಡೂ ನನ್ನ ಪರಿಚಯದವೇ. ಢಿಂಡೊ ಎನ್ನುತ್ತಾರೆ. ನಮ್ಮ ಮುದ್ದೆಯಂತೆ ಉಂಡೆ ಕಟ್ಟುವುದಿಲ್ಲ, ಸಟ್ಟುಗದಿಂದಲೇ ಕಂಚಿನ ತಟ್ಟೆಗೆ ಗುಡ್ಡೆ ಹಾಕಿ ನಡುವೆ ತುಪ್ಪಕ್ಕೊಂದು ಗುಳಿ ಮಾಡುತ್ತಾರೆ. ಜೊತೆಗೆ ಗುಂದ್ರುಕ್ ಸಾರು. ಸಾಸಿವೆ, ಮೂಲಂಗಿ ಸೊಪ್ಪನ್ನು ಬಾಡಿಸಿ, ಹುಳಿ ಬರಿಸಿ, ಒಣಗಿಸಿ ಇಟ್ಟುಕೊಂಡ ಸೊಪ್ಪು ಅದು. ಮೊದಲ ತುತ್ತಿಗೆ ವಿಚಿತ್ರ, ಮೂರನೆಯದಕ್ಕೆ ಹಟ ಹಿಡಿದು ಬೇಡಿಸಿಕೊಳ್ಳುವ ರುಚಿ.

"ಅಗಿಯಬಾರದು ಭಾಯಿ, ನುಂಗಬೇಕು" ಎಂದು ದೀದಿ ಎಚ್ಚರಿಸಿದರು.

"ನಮ್ಮೂರಿನಲ್ಲೂ ಹಾಗೇ, ದೀದಿ" ಎಂದು ಒಂದು ತುಂಡು ಮುರಿದು, ಸಾರಿನಲ್ಲಿ ಅದ್ದಿ ನುಂಗಿ ತೋರಿಸಿದೆ. ಒಲೆಯ ಆಚೆ ಕೂತಿದ್ದ ಅವರ ಅತ್ತೆ ಬಾಯಿ ತುಂಬ ನಕ್ಕು, ತಟ್ಟೆಗೆ ಇನ್ನಷ್ಟು ಹಾಕಿಸಿದರು.

ಊಟವಾದ ಮೇಲೆ ದೀದಿ ಒಂದು ಉದ್ದ ವಹಿ ಹಿಡಿದು ಬೆಳಕಿನ ಕೆಳಗೆ ಕೂತರು. ಆಮಾ ಸಮೂಹದ ಲೆಕ್ಕ. ನೇಪಾಳದ ಬೆಟ್ಟದೂರುಗಳಲ್ಲಿ ತಾಯಂದಿರ ಈ ಗುಂಪುಗಳು ದಾರಿಗೆ ಕಲ್ಲು ಹಾಸುವುದರಿಂದ ಹಿಡಿದು ಕುಡಿತ ನಿಲ್ಲಿಸುವವರೆಗೆ ಎಲ್ಲದಕ್ಕೂ ಮುಂದೆ. ನಮ್ಮ ಸ್ತ್ರೀಶಕ್ತಿ ಸಂಘಗಳನ್ನು ಕಂಡವರಿಗೆ ಇವರನ್ನು ಬೇರೆ ಪರಿಚಯಿಸಬೇಕಿಲ್ಲ. ಬಂದ ಅತಿಥಿಗಳಿಂದ ಎಷ್ಟು, ಶಾಲೆಗೆ ಎಷ್ಟು ಹೋಯಿತು ಎಂಬುದನ್ನು ಮೊದಲು ವಹಿಯಲ್ಲಿ ಬರೆದು, ಆಮೇಲೆ ಶಾಲೆಯ ಕಂಪ್ಯೂಟರಿನಲ್ಲಿ ಏರಿಸುತ್ತಾರಂತೆ. "ವಹಿಯಲ್ಲಿ ಕೂಡಿಸುವಾಗ ನಾನು ತಪ್ಪುತ್ತೇನೆ, ಅದು ತಪ್ಪುವುದಿಲ್ಲ" ಎಂದರು. ಅವರು ಓದಿರುವುದು ಐದನೇ ತರಗತಿವರೆಗೆ.

ನಾಂಗಿಯ ಕಥೆಯಲ್ಲಿ ಇಂಟರ್ನೆಟ್ಟಿನ ಸಾಹಸವನ್ನೇ ಎಲ್ಲರೂ ಬರೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಈ ಲೆಕ್ಕದ ವಹಿ. ದಾನದ ಯಂತ್ರ ಒಮ್ಮೆ ಬರುತ್ತದೆ. ಮೇಷ್ಟರ ಸಂಬಳ, ಹಾಳಾದ ಪರದೆ, ಸಿಡಿಲಿಗೆ ಸುಟ್ಟ ರೇಡಿಯೊ ಇವು ಪ್ರತಿ ವರ್ಷ ಬರುತ್ತವೆ. ಇದನ್ನು ಮಹಾಬೀರ್ ಮತ್ತು ಊರಿನವರು ಮೊದಲೇ ಲೆಕ್ಕ ಹಾಕಿದ್ದರು. ಲೋಕ್ತಾ ಎಂಬ ಪೊದೆಯ ತೊಗಟೆಯಿಂದ ಕೈಕಾಗದ ಮಾಡಿದರು, ಚೀಸ್ ಮಾಡಿದರು, ಜಾಮ್ ಮಾಡಿದರು, ಮೊಲ ಸಾಕಿದರು, ಯಾಕ್ ಮತ್ತು ಹಸುವಿನ ಮಿಶ್ರತಳಿ ಬೆಳೆಸಿದರು, ಚಾರಣಿಗರಿಗೆ ಡೇರೆಯ ಜಾಗ ಮಾಡಿದರು. ಬಂದದ್ದು ಶಾಲೆಗೆ. ಕಂಪ್ಯೂಟರ್ ಕೋಣೆಯ ಬೇರು ಹೀಗೆ ಕಾಡಿನಲ್ಲಿ, ಹಟ್ಟಿಯಲ್ಲಿ, ಅಡುಗೆಮನೆಯಲ್ಲಿ ಇಳಿದಿತ್ತು.

ಆ ಕೋಣೆಗೆ ನಾನು ಹೋದದ್ದು ಮರುದಿನ ಸಂಜೆ, ಶಾಲೆ ಬಿಟ್ಟ ಮೇಲೆ. ಉದ್ದನೆಯ ಮೇಜುಗಳು, ಮೇಜಿನ ಮೇಲೆ ಬೇರೆ ಬೇರೆ ಕಾಲದ ಬೇರೆ ಬೇರೆ ಬಣ್ಣದ ಯಂತ್ರಗಳು. ಒಂದೇ ಟೆಂಡರಿನಲ್ಲಿ ಬಂದ ಸಾಲು ಅಲ್ಲ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಮೂಲೆಯ ಪರದೆಯ ಮುಂದೆ ಮೂವರು ಹುಡುಗಿಯರು ಒಂದೇ ಬೆಂಚಿನಲ್ಲಿ ಅಂಟಿಕೊಂಡು ಕೂತು ನೇಪಾಳಿಯಲ್ಲಿ ಏನೋ ಟೈಪ್ ಮಾಡುತ್ತಿದ್ದರು. ಒಬ್ಬಳು ಒತ್ತುವುದು, ಒಬ್ಬಳು ಹೇಳುವುದು, ಮೂರನೆಯವಳು ತಪ್ಪು ಹಿಡಿಯುವುದು. ನನ್ನನ್ನು ನೋಡಿ ನಾಚಿಕೆಯಿಂದ ಪರದೆಗೆ ಅಡ್ಡ ಕೂತರು. ಶಾಲೆಯ ಗೋಡೆ ಪತ್ರಿಕೆಗೆ ಅಜ್ಜಿಯೊಬ್ಬರ ಕಥೆ ಬರೆಯುತ್ತಿದ್ದಾರೆಂದು ಮೇಷ್ಟರು ಹೇಳಿದರು.

ನೇಪಾಳಿಗಳು ತಮ್ಮ ಭಾಷೆಯನ್ನು ಯಂತ್ರಕ್ಕೆ ಕಲಿಸಲು ತಡಮಾಡಲಿಲ್ಲ. ಲಲಿತಪುರದ ಮದನ್ ಪುರಸ್ಕಾರ ಪುಸ್ತಕಾಲಯ ಎಂಬ ಗ್ರಂಥಾಲಯ 2005ರಲ್ಲೇ ನೇಪಾಲಿನಕ್ಸ್ ಎಂಬ ಪೂರ್ತಿ ನೇಪಾಳಿಯ ಕಾರ್ಯಾಚರಣ ವ್ಯವಸ್ಥೆಯನ್ನು ಉಚಿತವಾಗಿ ಕೊಟ್ಟಿತು. ಓಲೆ ನೇಪಾಳ ಎಂಬ ಸಂಸ್ಥೆ ಇ-ಪುಸ್ತಕಾಲಯ ಎಂಬ ಡಿಜಿಟಲ್ ಗ್ರಂಥಾಲಯ ಕಟ್ಟಿತು. ಅದನ್ನು ಶಾಲೆಯಲ್ಲೇ ಒಂದು ಸಣ್ಣ ಸರ್ವರಿನಲ್ಲಿ ಇಟ್ಟರೆ ಇಂಟರ್ನೆಟ್ ಇಲ್ಲದ ದಿನವೂ ಮಕ್ಕಳು ಓದಬಹುದು. ಬೆಟ್ಟದೂರಿಗೆ ಇದು ಎಷ್ಟು ಮುಖ್ಯವೆಂದು ಅಲ್ಲಿ ಮೋಡ ಕವಿದ ದಿನ ತಿಳಿಯುತ್ತದೆ.

ಇನ್ನೊಂದು ಮೂಲೆಯಲ್ಲಿ ಒಬ್ಬ ಯುವಕ ಕೊರಿಯನ್ ಅಕ್ಷರಗಳನ್ನು ಅಭ್ಯಾಸ ಮಾಡುತ್ತಿದ್ದ. ದಕ್ಷಿಣ ಕೊರಿಯಾಕ್ಕೆ ಕೆಲಸಕ್ಕೆ ಹೋಗಬೇಕಾದರೆ ಅಲ್ಲಿನ ಭಾಷೆಯ ಪರೀಕ್ಷೆ ಪಾಸಾಗಬೇಕು. ಅವನ ಅಣ್ಣ ಕತಾರಿನಲ್ಲಿ, ಚಿಕ್ಕಪ್ಪ ಮಲೇಷ್ಯಾದಲ್ಲಿ. ಈ ಕೋಣೆ ಊರನ್ನು ಉಳಿಸಲೆಂದು ಹುಟ್ಟಿತೋ, ಊರಿನಿಂದ ಹೊರಡುವವರಿಗೆ ಬಾಗಿಲಾಯಿತೋ ಎಂದು ಅವನ ಬೆನ್ನು ನೋಡುತ್ತ ಯೋಚಿಸಿದೆ. ನಮ್ಮ ಹಳ್ಳಿಯ ಹುಡುಗರು ಓದು ಮುಗಿದ ಮರುದಿನ ಬೆಂಗಳೂರಿನ ಬಸ್ಸು ಹತ್ತುವುದನ್ನು ಕಂಡವನಿಗೆ ಅದಕ್ಕೆ ಸುಲಭದ ಉತ್ತರ ಸಿಗುವುದಿಲ್ಲ. ಹೋಗುವವನು ತಿಳಿದು ಹೋಗಲಿ, ದಲ್ಲಾಳಿಯ ಬಾಯಿ ನಂಬಿ ಹೋಗದಿರಲಿ ಎಂದು ಮೇಷ್ಟರು ಹೇಳಿದ ಮಾತು ನನಗೆ ಸರಿಯೆನಿಸಿತು.

ಬಾಗಿಲ ಪಕ್ಕದ ಮೇಜಿನಲ್ಲಿ ಒಂದು ಯಂತ್ರದ ಹೊಟ್ಟೆ ಬಿಚ್ಚಿತ್ತು. ಹತ್ತನೆಯ ತರಗತಿಯ ಹುಡುಗನೊಬ್ಬ ಮೆಮೊರಿ ಪಟ್ಟಿಯನ್ನು ಕಿತ್ತು, ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ನಿಧಾನವಾಗಿ ಉಜ್ಜುತ್ತಿದ್ದ. ಮಳೆಗಾಲದ ತೇವಕ್ಕೆ ಅಲ್ಲಿ ಕಿಲುಬು ಕೂರುತ್ತದೆ, ಯಂತ್ರ ಬೀಪ್ ಎಂದು ಕೂಗಿ ನಿಲ್ಲುತ್ತದೆ. ಉಜ್ಜಿ, ಊದಿ, ಮತ್ತೆ ಕೂರಿಸಿದ. ಪರದೆ ಬೆಳಗಲಿಲ್ಲ. ಇನ್ನೊಂದು ಸೀಳಿನಲ್ಲಿ ಕೂರಿಸಿದ. ಬೆಳಗಿತು. ಮೇಷ್ಟರು ಅತ್ತ ತಿರುಗಿಯೂ ನೋಡಲಿಲ್ಲ. ಅದು ಅಲ್ಲಿ ಸುದ್ದಿಯಲ್ಲ. ನನಗೆ ಜೀಪಿನ ಪ್ರಶ್ನೆ ಎದೆಗೆ ಬಂದು ಕೂತಿತು. ರಾತ್ರಿ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಪಕ್ಕದ ಮನೆಯ ಮೊಳೆಗೆ ನೇತುಹಾಕಿ ಹೋದರು. ಬೆಳಿಗ್ಗೆ ಯಾರು ಮೊದಲು ಬರುತ್ತಾರೋ ಅವರು ತೆಗೆಯುವುದು.

ಮರದ ಪೆಟ್ಟಿಗೆಯ ಕಾಲ ಮುಗಿದು ಎಷ್ಟೋ ವರ್ಷವಾಗಿದೆ. ದೀದಿಯ ನಾದಿನಿ ಆ ಪೆಟ್ಟಿಗೆಗಳ ಮುಂದೆ ಕೂತು ಕಲಿತವರು. ಒಳಗೆ ಬಿಸಿಯಾದಾಗ ಮರದ ವಾಸನೆ ಬರುತ್ತಿತ್ತು ಎಂದು ಅವರು ನೆನೆದರು. ಆಗ ಪೋಖರಾ ನಗರದ ತನಕ ಹೋಗದೆ ಒಂದು ಇ-ಮೇಲ್ ನೋಡಲು ಆಗುತ್ತಿರಲಿಲ್ಲ. 2001ರಲ್ಲಿ ಮಹಾಬೀರ್ ತಮ್ಮ ಊರಿನ ಪಾಡನ್ನು ಬಿಬಿಸಿಗೆ ಬರೆದರು. ಅದು ಸುದ್ದಿಯಾಗಿ, ಯೂರೋಪು ಅಮೆರಿಕಗಳಿಂದ ಬಲ್ಲವರು ಬಂದರು. ಮೊದಲು ನಾಂಗಿಗೂ ನೆರೆಯ ರಾಮ್ಚೆಗೂ ನಡುವೆ ಮರದ ಮೇಲೆ ಟಿವಿ ಡಿಶ್ ಕಟ್ಟಿ ನಿಸ್ತಂತು ಸಂಪರ್ಕ ಮಾಡಿದರು. ಆಮೇಲೆ ಬೆಟ್ಟದ ನೆತ್ತಿಯಲ್ಲಿ ಮರುಪ್ರಸಾರದ ಠಾಣೆ ಕಟ್ಟಿ ಪೋಖರಾಕ್ಕೆ ಕೊಂಡಿ ಹಾಕಿದರು. 2003ರ ಹೊತ್ತಿಗೆ ನಾಂಗಿ ಜಗತ್ತಿನ ಜಾಲದೊಳಗಿತ್ತು. ಅದು ಮಾವೋವಾದಿಗಳ ಯುದ್ಧದ ಕಾಲ. ವೈಫೈ ಉಪಕರಣಗಳನ್ನು ತರಲು ಅನುಮತಿ ಇರಲಿಲ್ಲ, ಕದ್ದು ತಂದರು. ಸೇನೆಯ ಕಣ್ಣಿಗೂ ಬೀಳಬಾರದು, ಕಾಡಿನಲ್ಲಿದ್ದವರ ಕಣ್ಣಿಗೂ ಬೀಳಬಾರದು. 2006ರಲ್ಲಿ ಸರ್ಕಾರ ಆ ತರಂಗಗಳನ್ನು ಮುಕ್ತಗೊಳಿಸಿದಾಗಲೇ ಈ ಕೆಲಸ ಕಾನೂನಿನೊಳಗೆ ಬಂದದ್ದು. ಮ್ಯಾಗ್ಸೆಸೆ ಬರುವಷ್ಟರಲ್ಲಿ ಹನ್ನೆರಡು ಹಳ್ಳಿ, ತೊಂಬತ್ತರಷ್ಟು ಹಳೆಯ ಕಂಪ್ಯೂಟರು ಜಾಲದಲ್ಲಿದ್ದವು.

ಮರುಪ್ರಸಾರದ ಠಾಣೆಯಿರುವ ಮೊಹರೆ ಡಾಂಡಾ ನೋಡದೆ ಹೋಗಬೇಡಿ ಎಂದು ಎಲ್ಲರೂ ಹೇಳಿದರು. ಡಾಂಡಾ ಎಂದರೆ ಬೆಟ್ಟದ ಏಣು. ಸುಮಾರು 3,300 ಮೀಟರ್ ಎತ್ತರ. ಗುರಾಸ್ ಎಂಬ ರೋಡೊಡೆಂಡ್ರಾನ್ ಮರಗಳ ಕಾಡಿನೊಳಗೆ ಬೆಳಿಗ್ಗೆಯಿಂದ ಹತ್ತಿದೆವು. ಹೂವಿನ ಕಾಲವಲ್ಲ, ಪಾಚಿ ಹೊದ್ದ ಕೊಂಬೆಗಳು, ಕಾಲಡಿ ಒದ್ದೆ ಎಲೆ. ಹವಾಲ್ದಾರ್ ಸಾಬ್ ಜೊತೆಗೆ ಬಂದಿದ್ದರು. ಎಪ್ಪತ್ತರ ಹತ್ತಿರದ ಆ ಮನುಷ್ಯ ಸಿಳ್ಳು ಹಾಕುತ್ತ ಹತ್ತುತ್ತಿದ್ದರೆ ನಾನು ಪ್ರತಿ ತಿರುವಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದೆ. ನೆತ್ತಿಗೆ ಮುಟ್ಟಿದಾಗ ಮೋಡ ಕಟ್ಟಿತ್ತು. ಊರೂರಿನವರು ಕೂಡಿ ನಡೆಸುವ ವಸತಿಗೃಹದಲ್ಲಿ ಬಿಸಿ ಚಹಾ ಸಿಕ್ಕಿತು.

ಮರುದಿನ ನಸುಕಿನಲ್ಲಿ ಮೋಡ ಹರಿಯಿತು. ಎಡಗಡೆ ಧವಳಗಿರಿ, 8,167 ಮೀಟರ್, ಅದರ ಬಲಕ್ಕೆ ನೀಲಗಿರಿ, ಅನ್ನಪೂರ್ಣದ ಸಾಲು. ಈ ಎರಡು ಗುಂಪಿನ ನಡುವಿನ ಆಳದ ಕಮರಿಯಲ್ಲೇ ಕಾಳಿಗಂಡಕಿ ಹರಿಯುವುದು. ನಾನು ಮಾತು ಮರೆತು ನಿಂತಿದ್ದೆ. ಹವಾಲ್ದಾರ್ ಸಾಬ್ ನನ್ನ ತೋಳು ಹಿಡಿದು ಬೆನ್ನ ಕಡೆಗೆ, ತಗ್ಗಿನ ದಿಕ್ಕಿಗೆ ತಿರುಗಿಸಿದರು. "ಶಿಖರ ಎಲ್ಲರೂ ನೋಡ್ತಾರೆ. ನೀವು ಇದನ್ನು ನೋಡಬೇಕಾದವರು." ಕೆಳಗೆ, ಬಹಳ ಕೆಳಗೆ, ಬೆಟ್ಟದ ಮಡಿಕೆ ಮಡಿಕೆಗಳಲ್ಲಿ ಊರುಗಳ ತಗಡು ಸೂರುಗಳು ಮಿಂಚುತ್ತಿದ್ದವು. ರೇಡಿಯೊ ಅಲೆಗೆ ನೇರ ದೃಷ್ಟಿ ಬೇಕು. ಒಂದು ಊರಿನಿಂದ ಇನ್ನೊಂದು ಊರು ಕಾಣುವುದಿಲ್ಲ, ಆದರೆ ಈ ನೆತ್ತಿ ಎಲ್ಲ ಊರಿಗೂ ಕಾಣುತ್ತದೆ. ಕುರಿ ಕಾಯುತ್ತ ಈ ಏಣಿನ ಮೇಲೆ ಓಡಾಡಿದವರಿಗೆ ಆ ಲೆಕ್ಕ ನಕ್ಷೆ ಇಲ್ಲದೆಯೂ ಹೊಳೆದಿರಬೇಕು. ಯಾಕ್ ಕಾಯುವವರು ಎತ್ತರದ ಹುಲ್ಲುಗಾವಲಿನಿಂದ ವ್ಯಾಪಾರಿಗಳೊಡನೆ ಮಾತಾಡಿದ್ದು, ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಪೋಖರಾದ ವೈದ್ಯರಿಗೆ ರೋಗಿಯನ್ನು ತೋರಿಸಿದ್ದು, ಮೇಷ್ಟರಿಲ್ಲದ ಶಾಲೆಗೆ ಬೇರೆ ಶಾಲೆಯ ಮೇಷ್ಟರು ಪಾಠ ಹೇಳಿದ್ದು, ಎಲ್ಲ ಈ ನೆತ್ತಿಯ ಮೂಲಕ.

ಇಪ್ಪತ್ತನೆಯ ಶತಮಾನ ಮುಗಿದು ಇಪ್ಪತ್ತೊಂದನೆಯದು ಶುರುವಾಗುವ ಆ ನಾಲ್ಕಾರು ವರ್ಷ ಜಗತ್ತಿನ ಬಡ ಊರುಗಳಲ್ಲೆಲ್ಲ ಇಂಥ ಕೋಣೆಗಳು ತೆರೆದವು. 1999ರಲ್ಲಿ ಸುಗತ ಮಿತ್ರ ದೆಹಲಿಯ ಕಾಲ್ಕಾಜಿಯ ಗೋಡೆಯಲ್ಲಿ ಕಂಪ್ಯೂಟರ್ ಕೂರಿಸಿ ಕೊಳೆಗೇರಿಯ ಮಕ್ಕಳಿಗೆ ಬಿಟ್ಟರು. ಬ್ರೆಜಿಲಿನ ಸಾವೊ ಪಾವ್ಲೊ ನಗರ 2001ರಿಂದ ಬಡವರ ಬಡಾವಣೆಗಳಲ್ಲಿ ಸ್ವತಂತ್ರ ತಂತ್ರಾಂಶದ ಟೆಲಿಸೆಂಟರುಗಳನ್ನು ತೆರೆಯಿತು. ಒಂದು ಒಳ್ಳೆಯ ಯಂತ್ರಕ್ಕೆ ಹಲವು ಅಗ್ಗದ ಪರದೆಗಳನ್ನು ಜೋಡಿಸಿ ಖರ್ಚು ಇಳಿಸಿತು. ಕೇರಳದ ಮಲಪ್ಪುರದಲ್ಲಿ 2002ರಲ್ಲಿ ಅಕ್ಷಯ ಕೇಂದ್ರಗಳು ಬಂದವು. ನಮ್ಮಲ್ಲಿ 2001ರಲ್ಲಿ ಭೂಮಿ ಯೋಜನೆ ಬಂದು ಎರಡು ಕೋಟಿಯಷ್ಟು ಪಹಣಿ ಕಂಪ್ಯೂಟರಿಗೇರಿದವು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ದುಡ್ಡು ಕೊಟ್ಟು ನಮ್ಮ ಹೊಲದ ಹಾಳೆ ಪಡೆದ ದಿನ ಅಪ್ಪ ಅದನ್ನು ಮಡಿಸದೆ ಕೈಯಲ್ಲೇ ಹಿಡಿದು ಊರಿಗೆ ತಂದಿದ್ದರು. ಆ ಕಿಂಡಿಯ ಆಚೆ ಯಂತ್ರವಿತ್ತು, ಈಚೆ ನಾವು. ಬೆಂಗಳೂರಿನ ಗುರಪ್ಪನಪಾಳ್ಯದ ಹತ್ತಿರ ಸುದರ್ಶನ ಬಡಾವಣೆಯಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ಕಟ್ಟಿದ ಸ್ವತಂತ್ರ ತಂತ್ರಾಂಶ ಚಳವಳಿಯ ಗೆಳೆಯರು ಆ ಕಿಂಡಿಯನ್ನು ದಾಟಿದವರು. ಹಳೆಯ ಯಂತ್ರಗಳಲ್ಲಿ ಅಲ್ಲಿನ ಮಕ್ಕಳು ಚಿತ್ರ ಬರೆದರು. ದಾನಿಗಳಿಗೆ ಹತ್ತಿರವಿರುವ ನಗರದಲ್ಲೂ ಅಂಥ ಕೋಣೆ ಉಳಿಯಲು ಭಾನುವಾರ ಬಿಡದೆ ಬರುವ ಜನ ಬೇಕಾಯಿತು ಎಂಬುದನ್ನು ಮರೆಯಬಾರದು.

ನಾಂಗಿಯಿಂದ ಹೊರಡುವ ಹಿಂದಿನ ರಾತ್ರಿ ದೀದಿಯ ಮಗ ಕಂಬಳಿಯೊಳಗೆ ಮುದುಡಿ ಫೋನ್ ನೋಡುತ್ತಿದ್ದ. ಈಗ ಮೊಬೈಲ್ ಗೋಪುರ ಬಂದಿದೆ, ಡೇಟಾ ಅಗ್ಗ. ಇನ್ನು ಆ ಕೋಣೆ ಯಾಕೆ ಎಂದು ಕೇಳಿದೆ. ಅವನು ತಲೆಯೆತ್ತಲಿಲ್ಲ, ದೀದಿಯೇ ಉತ್ತರ ಕೊಟ್ಟರು. "ಫೋನಿನಲ್ಲಿ ಇವನು ಏನು ನೋಡ್ತಾನೆ ನನಗೆ ಗೊತ್ತಾಗೋದಿಲ್ಲ. ಅಲ್ಲಿ ಹೋದರೆ ಎಲ್ಲರಿಗೂ ಗೊತ್ತಾಗ್ತದೆ. ಮತ್ತೆ ಫೋನಿನಲ್ಲಿ ಲೆಕ್ಕ ಬರೆಯೋಕೆ ಬೆರಳು ಸಾಲೋದಿಲ್ಲ." ನಾನು ಇದನ್ನು ಆಮೇಲೆ ಬಹಳ ಯೋಚಿಸಿದ್ದೇನೆ. ಆ ಮೂವರು ಹುಡುಗಿಯರು ಒಂದೊಂದು ಫೋನ್ ಹಿಡಿದು ಮೂರು ಮನೆಗಳಲ್ಲಿ ಕೂತಿದ್ದರೆ ಅಜ್ಜಿಯ ಕಥೆ ಬರೆಯುತ್ತಿರಲಿಲ್ಲ. ಒಂದು ಪರದೆಗೆ ಮೂವರು ಎಂಬುದನ್ನು ನಾವು ಕೊರತೆಯೆಂದು ವರದಿಗಳಲ್ಲಿ ಬರೆಯುತ್ತೇವೆ. ಆ ಬೆಂಚಿನಲ್ಲಿ ಕೊರತೆ ನನಗೆ ಕಾಣಲಿಲ್ಲ. ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಘೋಷಣೆ ನೇಪಾಳಕ್ಕೂ 2008ರಲ್ಲಿ ಬಂದಿತ್ತು. ಅದರಲ್ಲೂ ಒಳ್ಳೆಯದಿತ್ತು, ಆದರೆ ಮಗುವಿನ ಕೈಯಲ್ಲಿರುವ ಯಂತ್ರ ಕೆಟ್ಟರೆ ಅದು ಒಂದು ಮನೆಯ ನಷ್ಟ, ಕೋಣೆಯ ಯಂತ್ರ ಕೆಟ್ಟರೆ ಊರು ಕೇಳುತ್ತದೆ. ಹಂಚಿಕೊಂಡ ಕೋಣೆಯ ಬಲ ಅದರಲ್ಲಿದೆ ಎಂದು ನಾನು ನಂಬುತ್ತೇನೆ.

ಬಂದ ಮೇಲೆ ಒಂದು ವರ್ಷ ತುಂಬುವ ಮೊದಲೇ ನೇಪಾಳ ಮತ್ತೆ ಸುದ್ದಿಯಾಯಿತು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಸಾಮಾಜಿಕ ಜಾಲತಾಣಗಳನ್ನು ಮುಚ್ಚಿಸಿತು, ಎಳೆಯರು ಬೀದಿಗಿಳಿದರು, ಗುಂಡೇಟಿಗೆ ಮಕ್ಕಳು ಸತ್ತರು, ಪ್ರಧಾನಿ ರಾಜೀನಾಮೆ ಕೊಟ್ಟರು. ಸುಶೀಲಾ ಕಾರ್ಕಿಯವರ ಮಧ್ಯಂತರ ಸರ್ಕಾರದಲ್ಲಿ ಶಿಕ್ಷಣ ಮಂತ್ರಿಯಾಗಿ ಪ್ರಮಾಣ ಮಾಡಿದವರು ಮಹಾಬೀರ್ ಪುನ್. ಟಿವಿಯಲ್ಲಿ ಆ ಮುಖ ನೋಡುತ್ತ ನಾನು ಸತ್ತ ಮಕ್ಕಳನ್ನೂ ಆ ಬೆಂಚಿನ ಮೂವರನ್ನೂ ಒಟ್ಟಿಗೇ ನೆನೆದೆ. ಯಂತ್ರವನ್ನು ಹಳ್ಳಿಗೆ ಹೊತ್ತು ತಂದ ತಲೆಮಾರು ಒಂದು ಕಡೆ, ಆ ಯಂತ್ರದ ಬಾಗಿಲು ಮುಚ್ಚಿದಾಗ ಪ್ರಾಣ ಕೊಟ್ಟ ತಲೆಮಾರು ಇನ್ನೊಂದು ಕಡೆ. ನಡುವೆ ಮೂವತ್ತು ವರ್ಷವೂ ಇಲ್ಲ.

ಆ ವಾರವೇ ನಮ್ಮ ಪಂಚಾಯ್ತಿಯ ಅರಿವು ಕೇಂದ್ರಕ್ಕೆ ಹೋದೆ. 2019ರಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಅವೇ ಈಗಿನ ಅರಿವು ಕೇಂದ್ರಗಳು, ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು. ನಮ್ಮೂರಿನದು ಹಳೆಯ ಚಾವಡಿಯ ಪಕ್ಕದ ಕಟ್ಟಡ. ಪುಸ್ತಕಗಳು ಓರಣವಾಗಿದ್ದವು, ಮಕ್ಕಳೂ ಇದ್ದರು. ಮೂರು ಕಂಪ್ಯೂಟರುಗಳು ಸುಮ್ಮನೆ ಕೂತಿದ್ದವು. ಮೇಲ್ವಿಚಾರಕಿಗೆ ನಾಂಗಿಯ ಹುಡುಗ ರಬ್ಬರ್ ಉಜ್ಜಿದ್ದನ್ನು ಹೇಳಿದೆ. "ನಾವು ಬಿಚ್ಚಬಹುದಾ ಸಾರ್? ಏನಾದರೂ ಆದರೆ?" ಎಂದರು. ಪಿಡಿಒ ಅವರಲ್ಲಿ ಹೋಗಿ ಮಾತಾಡಿದೆವು. ಬಿಚ್ಚಿ, ನಾನೂ ಬರ್ತೀನಿ ಎಂದರು.

ಭಾನುವಾರ ಐಟಿಐ ಓದುವ ಒಬ್ಬ ಹುಡುಗ, ಒಂಬತ್ತನೆಯ ತರಗತಿಯ ನಾಲ್ವರು, ಒಂದು ಸ್ಕ್ರೂಡ್ರೈವರು, ಒಂದು ರಬ್ಬರು. ಮೊದಲನೆಯದು ಉಜ್ಜಿದ ಕೂಡಲೇ ಎದ್ದಿತು. ಎರಡನೆಯದರಲ್ಲಿ ಹಲ್ಲಿ ಮೊಟ್ಟೆಯಿಟ್ಟಿತ್ತು. ಫ್ಯಾನು ಬಿಚ್ಚಿ ತೊಳೆದು ಒಣಗಿಸಿದ ಮೇಲೆ ಅದೂ ಎದ್ದಿತು. ಮೂರನೆಯದರಲ್ಲಿ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಹೋಗಿದೆ, ತುಮಕೂರಿನಿಂದ ತರಬೇಕು. ಅದರ ದುಡ್ಡಿಗೆ ಸ್ತ್ರೀಶಕ್ತಿ ಸಂಘದವರನ್ನು ಕೇಳಿದಾಗ ಅವರ ಅಧ್ಯಕ್ಷೆ ನೇರವಾಗಿ, "ನಮಗೇನು ಉಪಯೋಗ?" ಎಂದರು. ಸರಿಯಾದ ಪ್ರಶ್ನೆ. ಅವರು ಮಾಡುವ ರಾಗಿ ಹುರಿಹಿಟ್ಟಿನ ಪೊಟ್ಟಣಕ್ಕೆ ಚೀಟಿ ಮುದ್ರಿಸುವುದನ್ನು, ಸಂಘದ ಲೆಕ್ಕ ಬರೆಯುವುದನ್ನು ಅಲ್ಲೇ ಮಾಡಿಕೊಳ್ಳಬಹುದು ಎಂದು ಹುಡುಗಿಯರು ಮಾಡಿ ತೋರಿಸಿದರು. ಅರ್ಧ ದುಡ್ಡು ಕೊಡಲು ಸಂಘ ಒಪ್ಪಿದೆ, ಉಳಿದರ್ಧಕ್ಕೆ ಹಾಲಿನ ಡೇರಿಯವರನ್ನು ಕೇಳಬೇಕು. ಸಂಜೆ ಏಳರ ತನಕ ಬಾಗಿಲು ತೆರೆದಿರಲಿ ಎಂದು ಮಕ್ಕಳ ಹಟ. ಆದರೆ ಮೇಲ್ವಿಚಾರಕಿಯ ಕೆಲಸದ ಹೊತ್ತು ಅದಕ್ಕೆ ಮೊದಲೇ ಮುಗಿಯುತ್ತದೆ. ಆಮೇಲೆ ಕೀಲಿ ಯಾರ ಮನೆಯಲ್ಲಿರಬೇಕು ಎಂಬುದನ್ನು ಮುಂದಿನ ಗ್ರಾಮಸಭೆಯಲ್ಲಿ ಇಡುತ್ತಿದ್ದೇವೆ.